ಹದಿನಾರು ಕಾಜಾ

ಕೋರ್ಟಿನ ಎದುರು,
ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ
ಆರಡಿ ಅಗಲ ನನ್ನ ಅಂಗಡಿ.
ಮೂವತ್ತೊಂದು ವರ್ಷ ಎರಡೇ ಬಣ್ಣ ಹೊಲಿದಿದ್ದೇನೆ:
ಕರಿ ಕೋಟು, ಬಿಳಿ ಪಟ್ಟಿ.
ವಾದಿಯ ವಕೀಲರೂ ಪ್ರತಿವಾದಿಯ ವಕೀಲರೂ
ಕೈ ಎತ್ತಿ ನಿಲ್ಲುವುದು ನನ್ನ ಟೇಪಿನ ಮುಂದೆ ಮಾತ್ರ
ಎಂದು ಗುಮಾಸ್ತ ಹಾಲಪ್ಪ ನಗುತ್ತಾನೆ.

ಮೇಜಿನ ಕೆಳಗೆ ಗೋಣಿಚೀಲ. ಅದರಲ್ಲಿ ಚೂರುಗಳು.
ನಾನು ಎಸೆದವಳಲ್ಲ.
ಕರಿ ಎಂದರೆ ಒಂದೇ ಕರಿ ಅಂದುಕೊಂಡಿದ್ದೀರಿ.
ಬಿಸಿಲಿಗೆ ಸುರಿದು ನೋಡಿ:
ಭದ್ರಾವತಿಯವರದು ತುಕ್ಕು ಹತ್ತಿದ ಕರಿ,
ಸಾಗರದವರದು ಪಾಚಿ ಸೇರಿದ ಕರಿ,
ಹೊಸಬರದು ಕಾಗೆಯ ಕತ್ತಿನಂತೆ ನೀಲಿ ಮಿಂಚುವ ಕರಿ,
ಒಂದು ಕೇಸೂ ಗೆಲ್ಲದವರದು ಚಹಾ ಚರಟದ ಕರಿ.
ಬಿಳಿಯೂ ಹಾಗೇ.
ಗಂಜಿಯ ಬಿಳಿ, ನೀಲಿಯ ಬಿಳಿ,
ಕತ್ತಿನ ಬೆವರು ಕುಡಿದ ಬೆಣ್ಣೆಬಿಳಿ.

ಹಾಲಪ್ಪನ ಮಗಳು ಪದ್ಮಿನಿಗೆ ಏಳಕ್ಕೇ ಹೆರಿಗೆ.
ಮೆಗ್ಗಾನಿನ ಗಾಜಿನ ಪೆಟ್ಟಿಗೆಯಲ್ಲಿ
ಒಂದೂಕಾಲು ಕೇಜಿ, ಅಂಗೈಯಗಲ ಬೆನ್ನು.
ನರ್ಸು ಹೇಳಿದಳಂತೆ,
ಈಗಿನ್ನೂ ಕೂಸಿಗೆ ಬಣ್ಣ ತಿಳಿಯಲ್ಲ,
ಕಪ್ಪು ಬಿಳುಪು ಎದುರಿಗಿದ್ದರೆ ಕಣ್ಣು ನೆಡುತ್ತೆ.
ಹಾಲಪ್ಪ ಬಂದು ನಿಂತ. ಏನೂ ಕೇಳಲಿಲ್ಲ.
ಗೋಣಿಚೀಲವನ್ನೇ ನೋಡಿದ.

ವಕೀಲೆ ಲೋಲಾಕ್ಷಿ ಫೋನಿನಲ್ಲಿ ಚಿತ್ರ ತೋರಿಸಿದರು:
ಲಾಗ್ ಕ್ಯಾಬಿನ್ ಅಂತಾರೆ ತುಳಜಾಬಾಯಿ,
ದಿಮ್ಮಿಯ ಮೇಲೆ ದಿಮ್ಮಿ ಇಟ್ಟು ಕಟ್ಟಿದ ಮನೆ.
ಅಂಥ ಮನೆ ನಾನು ಕಂಡಿಲ್ಲ.
ಕಂಡದ್ದು, ಹೊಲಿಗೆ ಕೈಹತ್ತದೆ
ನಾಟಾ ಡಿಪೋ ಸೇರಿದ ಅಪ್ಪ ಒಟ್ಟುತ್ತಿದ್ದ ಅಟ್ಟಿ.
ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ,
ದಿಮ್ಮಿಯ ತುದಿಗೆ ಸುತ್ತಿಗೆಯ ಮುದ್ರೆ.
ನಡುವೆ ಸಂದು ಬಿಡಬೇಕು ಮಗಾ,
ಗಾಳಿಯಾಡದಿದ್ದರೆ ಎಂಥ ಬೀಟೆಯೂ ಕೊಳೆಯುತ್ತೆ.

ಎರಡಂಗುಲದ ಚೌಕ.
ಪಕ್ಕಕ್ಕೆ ಬಿಳಿ. ತಿರುಗಿಸು. ಮತ್ತೆ ಬಿಳಿ.
ತಿರುಗಿಸು, ಕರಿ. ತಿರುಗಿಸು, ಕರಿ.
ಪ್ರತಿ ಸುತ್ತಿಗೂ ಪಟ್ಟಿ ಬೆಳೆಯುತ್ತದೆ,
ಪೆಡಲು ತುಳಿಯುವ ಕಾಲು ಲೆಕ್ಕ ಮರೆಯುತ್ತದೆ.
ಕೊನೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ ಹಾಗೆ
ಒಂದೇ ಮನೆ, ಎರಡು ಪಾಲು.
ತಕರಾರಿಲ್ಲ.

ನಡುವಿನ ಚೌಕ ಕೆಂಪಿರಬೇಕಂತೆ, ಒಲೆಯ ಗುರುತಿಗೆ.
ಹಾಲಪ್ಪ ಕಡತ ಕಟ್ಟುವ ಕೆಂಪು ಲಾಡಿ ತಂದ.
ಬೇಡ ಅಂದೆ. ಅದಕ್ಕೆ ವಾಯಿದೆ ಬಿಟ್ಟು ಬೇರೆ ಗೊತ್ತಿಲ್ಲ.
ಯಾರೂ ಬಂದು ಒಯ್ಯದ ನಾಲ್ಕು ಕೋಟು ಗೂಟದಲ್ಲಿದ್ದವು.
ಒಬ್ಬ ಪಾಸಾಗಲಿಲ್ಲ,
ಒಬ್ಬ ಹೊಳೆ ಸ್ಟಾಪಿನ ಹತ್ತಿರ ಬೇಕರಿ ಇಟ್ಟ,
ಇನ್ನಿಬ್ಬರ ಸುದ್ದಿಯಿಲ್ಲ.
ಕೋಟಿಗೆ ನಾಲ್ಕರಂತೆ ಹದಿನಾರು ಕಾಜಾ,
ಗುಂಡಿಯ ಮುಖವನ್ನೇ ಕಾಣದವು.
ಸುತ್ತ ಕತ್ತರಿಸಿದೆ. ಅವೇ ನಡುಚೌಕ.
ಮನೆಗೊಂದು ಕಿಂಡಿ ಬೇಕಲ್ಲ.

ಕೂಸಿಗೆ ಕರಿ ಹೊದಿಸ್ತಾರಾ, ನಿಮಗೇನು ಬಂತು?
ಹಾಲಪ್ಪನ ಹೆಂಡತಿ ಕೆಂಚಮ್ಮ ಹೊಸಿಲಲ್ಲೇ ನಿಂತಿದ್ದಳು.
ಹಲ್ಲಿನಲ್ಲಿ ದಾರ ಕಡಿದು ಕೇಳಿದೆ:
ಕೆನ್ನೆಗಿಡುವ ಬೊಟ್ಟು ಯಾವ ಬಣ್ಣ?
ಮಾತಾಡದೆ ಹೋದಳು.
ಮಾರನೆಯ ದಿನ ಒಳಪದರಕ್ಕೆಂದು
ತನ್ನ ಹಳೆಯ ಸೀರೆ ತಂದಿಟ್ಟಳು, ಈರುಳ್ಳಿ ಬಣ್ಣದ್ದು.
ಅದು ಒಳಗಿದೆ. ಯಾರಿಗೂ ಕಾಣುವುದಿಲ್ಲ.
ಕೌದಿಯ ಹೊಟ್ಟೆ ಬರಿದಿರಬಾರದೆಂದು
ಕೊನೆಯ ಮೂಲೆ ಮುಚ್ಚುವ ಮೊದಲು
ನಾಲ್ಕು ಅಕ್ಕಿಕಾಳು ಹಾಕಿದೆ.

ಗಾಜಿನ ಪೆಟ್ಟಿಗೆಯ ಪಕ್ಕ ಅದನ್ನು ಹಿಡಿದು ನಿಂತಾಗ
ಕೂಸು ನೋಡಿತೋ ಇಲ್ಲವೋ, ನಾನು ಹೇಳಲಾರೆ.
ಹಾಲಪ್ಪ ನೋಡಿತು ಅನ್ನುತ್ತಾನೆ. ಅವನು ಸಾಕ್ಷಿಗಳನ್ನು
ಬಹಳ ಹತ್ತಿರದಿಂದ ಬಲ್ಲವನು.

ಐದು ತಿಂಗಳ ಮೇಲೆ, ಮಂಡ್ಲಿಯಿಂದ ಫೋನು. ಕೆಂಚಮ್ಮ.
ಒಗೆದರೆ ಕರಿ ಬಿಟ್ಟು ಬಿಳಿಯೆಲ್ಲ ಬೂದಿಯಾಗಿದೆ,
ಎಂಥ ಬಟ್ಟೆ ಹಾಕಿದ್ದೀರಿ, ಹೋಗಲಿ,
ಈಗ ಬೇಗ ಬನ್ನಿ, ಹುಡುಗಿ ಕಾಜಾದೊಳಗೆ
ಹೆಬ್ಬೆರಳು ತೂರಿಸಿಕೊಂಡಿದೆ,
ಎಳೆದರೆ ಅಳುತ್ತೆ, ಬಿಟ್ಟರೆ ನಗುತ್ತೆ.

ಕತ್ತರಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ.
ಬೇಕಾಗಲಿಲ್ಲ.
ಒಂದು ತೊಟ್ಟು ಕೊಬ್ಬರಿಎಣ್ಣೆ ಸಾಕಾಯಿತು.
ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ
ಪಕ್ಕದ ಕಾಜಾ ಹುಡುಕುತ್ತಿದ್ದಳು.