ಒಂದೇ ತಗಡು

ನಾಕು ಕಂಪನಿ ಬರದೇನಿ ನಾ ಆಕಿಗೆ
ಒಂದೇ ತಗಡಿನ ಮ್ಯಾಲೆ.
ಅಕ್ಷರಕ್ಕ ಇಷ್ಟು ಅಂತ ನನ್ನ ದರ,
ಅಕ್ಷರಕ್ಕ ನೆರಳು ಬೇಕಂದ್ರ ಮ್ಯಾಲೆ ಐದು ರೂಪಾಯಿ.

ಮೊದಲನೇದು ಹಳದಿ ನೆಲ, ಕರೀ ಬರಹ:
ಶಿವಲೀಲಾ ಎಸ್.ಟಿ.ಡಿ.
ಗುಳೇದಗುಡ್ಡದಾಗ ಆವಾಗ
ಖಣದ ಸಾವಕಾರ್ರು ಪಾಳಿ ಹಚ್ಚಿ ನಿಂತು
ಸೊಲ್ಲಾಪುರಕ್ಕ ಪುಣೇಕ್ಕ ಒದರತಿದ್ರು,
ತಂತಿ ಇಲ್ಲದಿದ್ರೂ ಕೇಳೂವಂಗ.
ಮುಂದ ಎಲ್ಲಾರ ಕಿಸೇದಾಗೂ ಫೋನ್ ಬಂತು.
ಗಾಜಿನ ಗೂಡಿನಾಗ ಆಕಿ ಉಳ್ಳಾಗಡ್ಡಿ ತುಂಬಿದಳು.

ಎರಡನೇದು ನೀಲಿ. ಸಿಮ್ಮು, ಕರೆನ್ಸಿ, ರಿಂಗ್‌ಟೋನು.
ಅದರ ಬಣ್ಣ ಪೂರಾ ಒಣಗಲಿಲ್ಲ ಬಿಡ್ರಿ.

ಮೂರನೇದರ ಹೆಸರು ಉದ್ದ, ನನಗ ಲಾಭ:
ನೇಕಾರ ಸಂದೇಶ ಸೇವಾ ಕೇಂದ್ರ.
ದಿನಾ ಮುಂಜಾನೆ ರೇಷ್ಮಿ ದರ
ಮೆಸೇಜಿನಾಗ ಬರತಿತ್ತು ಕುಣಿಮಗ್ಗದ ತನಕಾ.
ಓದಾಕ ಬರೂವರಿಗೆ ದರ ಮೊದಲ ಗೊತ್ತಿತ್ತು.
ಗೊತ್ತಿಲ್ಲದವರಿಗೆ ಓದಾಕ ಬರತಿದ್ದಿಲ್ಲ.
ಹುಬ್ಬಳ್ಳಿ ಪಾಲುದಾರ ಎರಡೂ ಕಂಪ್ಯೂಟರ್
ಟಂಟಂದಾಗ ಹೇರಿಕೊಂಡು ಹೋದ ದಿನ
ಆಕಿ ಕೇಳಿದ್ದು ಒಂದೇ ಮಾತು:
ದಸ್ತಗೀರಣ್ಣ, ಬೋರ್ಡು ನಿನ್ನ ಮನ್ಯಾಗ ಇಟ್ಕೋತಿಯೇನು?
ಮೂರು ವರ್ಷ ನಮ್ಮ ಆಡಿನ ಕೊಟ್ಟಿಗಿಗೆ
ಆ ಸೇವಾ ಕೇಂದ್ರ ಬಾಗಿಲಾಗಿತ್ತು.

ಈಗ ಮತ್ತ ಬಂದಾಳ. ಅರ್ಧ ತಲಿ ಬಿಳಿ.
ಈ ಸಲ ಓದೂದು ಇಲ್ಲಣ್ಣ, ಫೋನೇ ಮಾತಾಡ್ತೈತಿ ಅಂದ್ಲು,
ಎಷ್ಟು ನೇದಿ, ಎಷ್ಟು ಬಂತು, ಯಾರು ಎಷ್ಟು ಕೊಡಬೇಕು,
ನಮ್ಮ ಮಾತಿನಾಗ.

ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿ.
ಬಾಡಿಗಿ ಆಮ್ಯಾಲೆ ನೋಡೂಣು ಅಂದ ಯಮನೂರಪ್ಪ,
ಆದರ ಹಗಲಿ ಗಿರಣಿ ನಿಂದ್ರಸಂಗಿಲ್ಲ.
ಅದಕ್ಕ ರಾತ್ರಿ ಹನ್ನೊಂದರ ಮ್ಯಾಲೆ,
ಗಿರಣಿ ಮಲಗಿ, ಓಣಿ ಮಗ್ಗ ಮಲಗಿ,
ನಾಯಿ ಸೈತ ಸುಮ್ಮನಾದಾಗ,
ಖಾನಾವಳಿ ಚನಬಸವ್ವ ಭಾಂಡೆ ಬೆಳಗಿ ಬಂದು
ಹಿಟ್ಟಿನ ಚೀಲದ ಮ್ಯಾಲೆ ಕುಂತು
ಒಂದರಿಂದ ನೂರರ ತನಕಾ ಎಣಿಸ್ತಿದ್ಲು,
ಪಾಲಿಟೆಕ್ನಿಕ್ ಹುಡುಗೂರು ಎರಡು ಮೈಕ್ ಹಿಡಿದು
'ಅಜ್ಜಿ, ಎಪ್ಪತ್ತಾರು ಮತ್ತೊಮ್ಮೆ' ಅಂತಿದ್ವು.
ನಾಕನೇ ಸಲಕ್ಕ ಆಕಿ ಬೈದದ್ದೂ ರೆಕಾರ್ಡ್ ಆಗೇತಿ.

ಸಹಕಾರಿ ಸಂಘದಾಗ ಸೆಕ್ರೆಟರಿ
ಚಸ್ಮಾ ಇಳಿಸಿ ಕೇಳಿದ್ರು:
ಮೂರು ಮುಳುಗಿಸಿ ಬಂದೀವಾ, ಈಗೇನು ಒತ್ತಿ ಇಡ್ತಿ?
ಶಿವಲೀಲಾ ಬಾಯಿ ತೆಗೀಲಿಲ್ಲ.
ಹಿಂದಿನ ಬಾಕಿನಿಂದ ಹೆಣ್ಣಮಕ್ಕಳು ಎದ್ರು,
ಕಂಡಿಕಿ ಸುತ್ತಿ ಸುತ್ತಿ ಬೆರಳು ಸವದವರು.
ಟೇಬಲ್ ಮ್ಯಾಲೆ ಒಂದೊಂದ ಪಿಗ್ಮಿ ಪುಸ್ತಕ ಬಿತ್ತು.
ಹನ್ನೊಂದು.
ಪಂಖಾದ ಗಾಳಿಗೆ ಹಾಳಿ ತಾವಾ ತಿರುಗಿದವು.

ನನ್ನ ಹಂತೇಕ ತಗಡು ಬಂದಾಗ
ಹಳೇದು ತಿಕ್ಕಿ ತೆಗೀಲೇನು ಅಂದೆ.
ಬ್ಯಾಡ, ಅದರ ಮ್ಯಾಲೇ ಬರಿ.
ಹೆಸರು?
ಲಾಳಿ.
ಎರಡೇ ಅಕ್ಷರಾ? ನನ್ನ ಹೊಟ್ಟಿ ಹೆಂಗ ತುಂಬಬೇಕವಾ!
ನೆರಳು ಹಾಕು ಅಂದ್ಲು ನಕ್ಕೋತ.
ಕೆಂಪು ಹಚ್ಚಿದೆ, ಖಣದ ದಡಿ ಕೆಂಪು.
ಸಂಜೀ ಬಿಸಿಲು ಅಡ್ಡ ಬಿದ್ದಾಗ ನೋಡ್ರಿ,
ಎಸ್ ಟಿ ಡಿ ನಡುವಿನ ಚುಕ್ಕಿ
ಇನ್ನೂ ಒಳಗಿಂದ ಉಬ್ಬಿ ನಿಂತಾವ.

ನಿನ್ನೆ ಫೋನ್ ಬಂತು. ಚನಬಸವ್ವನ ಧ್ವನಿ,
ರೊಟ್ಟಿ ಇನ್ನೊಂದು ಹಾಕ್ಲೇನು ಅನ್ನೂವಂಥಾದ್ದು:
'ದಸ್ತಗೀರಣ್ಣಾ, ಲಾಳಿಯಿಂದ ನಿನಗ ಬರೂ ಬಾಕಿ
ಸಾವಿರದಾ ಎಂಟುನೂರಾ ಎಪ್ಪತ್ತಾರು.
ಖರೇ ಇದ್ರ ಒಂದು ಒತ್ತು, ಸುಳ್ಳಿದ್ರ ಎರಡು.'
ಇದ್ದಿಲಿಲೆ ಗ್ವಾಡಿಗೆ ಬರದಿಟ್ಟ ಲೆಕ್ಕ ಅದು,
ಸುಣ್ಣ ಹೊಡದ ಮ್ಯಾಲೆ ನಾನೇ ಮರತಿದ್ದೆ.
ಉಳ್ಳಾಗಡ್ಡಿ ಕಾಲದ್ದೂ ಕೂಡಸ್ಯಾಳ.

ಒಂದು ಒತ್ತಿದೆ.
ಬೆರಳಿನ ಕೆಂಪು ಬಟನ್ನಿಗೆ ಹತ್ತಿ ಇನ್ನೂ ಹೋಗಿಲ್ಲ.
ರೊಕ್ಕಾನೂ ಬಂದಿಲ್ಲ.