ಏರಿನಲ್ಲಿ ಸಾಯುವ ಗಾಡಿ

ಹರಾರ್ ಊರಿನ ಕೋಟೆಗೋಡೆ ಕಾಣುವ ಕೊನೇ ಏರಿನಲ್ಲಿ
ಮತ್ತೆ ಸತ್ತಿತು ನನ್ನ ಪ್ಯೂಜೋ.
ಸಮತಟ್ಟಿನಲ್ಲಿ ಗುನುಗುತ್ತದೆ, ಇಳಿಜಾರಿನಲ್ಲಿ ತಕರಾರಿಲ್ಲ.
ಏರು ಬಂತೋ, ಕಾಲು ಒತ್ತಿದೆನೋ,
ಎರಡು ಕೆಮ್ಮು, ಒಂದು ಬಿಕ್ಕು,
ಅಷ್ಟೆ.

ಹಿಂದಿನ ಸೀಟಿನಲ್ಲಿ ರೆಮ್ಜಿಯಾ, ಮಡಿಲಲ್ಲಿ
ಬಾಳೆಲೆ ಸುತ್ತಿದ ಚಾಟ್ ಸೊಪ್ಪಿನ ಕಟ್ಟು.
ಅವಳು ಹೊತ್ತು ನೋಡುವುದು ಗಡಿಯಾರದಲ್ಲಲ್ಲ,
ಎಲೆಯ ತುದಿಯಲ್ಲಿ.
'ಫೆತಿ, ಇದನ್ನ ಮಾರಿ ಕತ್ತೆ ಕೊಳ್ಳು. ಕತ್ತೆಗೆ ಕಾಯಿಲ್ ಇಲ್ಲ.'

ಮೂರು ತಿಂಗಳಾಯಿತು.
ಕಾಯಿಲ್ ಕಾದು ಸೋಲುತ್ತದೆ ಅಂದ ಮೆಕ್ಯಾನಿಕ್ ತೆಶಾಲೆ.
ಜ್ವರದ ಮಗುವಿಗೆ ಸುತ್ತುವಂತೆ ಒದ್ದೆ ಬಟ್ಟೆ ಸುತ್ತಿದೆ.
ಎರಡು ವಾರದ ದುಡಿಮೆ ಸುರಿದು ದಿರೆ ದಾವಾದಿಂದ ಹೊಸದು ತಂದೆ.
ಹಾಗಾದರೆ ಪಾಯಿಂಟ್, ಅಂದ.
ಬಿಚ್ಚಿದರೆ ಒಂದರ ಮುಖದಲ್ಲಿ ಗುಳಿ,
ಇನ್ನೊಂದರಲ್ಲಿ ಅಷ್ಟೇ ಅಳತೆಯ ಗುಡ್ಡ,
ಎದುರುಬದುರು ಕೂತು ಸುಟ್ಟುಕೊಂಡ ಮೈಲಿಗಳ ಲೆಕ್ಕ.
ಹೆಂಡತಿಯ ಉಗುರಿನ ಅರದಿಂದ ತೀಡಿದೆ
(ಅವಳು ಇನ್ನೂ ಹುಡುಕುತ್ತಿದ್ದಾಳೆ).
ಬೆಂಕಿಪೊಟ್ಟಣದ ರಟ್ಟು ತೂರಿಸಿ ಗ್ಯಾಪ್ ಇಟ್ಟೆ.
ಕಂಡೆನ್ಸರ್ ಬದಲಿಸಿದೆ.
ದಪ್ಪ ವಯರಿನ ತುದಿ ಇಂಜಿನ್ನಿಗೆ ಹತ್ತಿರ ಹಿಡಿದರೆ
ಪಟ್ಟೆಂದು ನೀಲಿ ಕಿಡಿ, ಕೊಬ್ಬಿದ ಕಿಡಿ.
ನಿಂತಾಗ ಎಲ್ಲ ಸರಿಯೇ.

ಹುಡುಗರು ತಳ್ಳಿ ಕೋಟೆಬಾಗಿಲು ದಾಟಿಸಿದರು.
ನಿಂತದ್ದು ದರ್ಜಿಗಳ ಬೀದಿಯಲ್ಲಿ,
ಹೊಲಿಗೆ ಯಂತ್ರದ ಗಿರ್ ಗಿರ್ ಸದ್ದೇ ಆ ಬೀದಿಗೆ ಹೆಸರು.
ಮುದುಕ ಇಮಾಜ್ ಪೆಡಲಿನಿಂದ ಕಾಲು ತೆಗೆದು ಬಂದ,
ತುಟಿಯಲ್ಲಿ ಸೂಜಿ.
ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಿದ್ದೆ. ಬಗ್ಗಿದ.
'ಈ ತಟ್ಟೆ ಅಲ್ಲಾಡುತ್ತದೋ?'
'ಏರಿನಲ್ಲಿ ಕಾಲು ಒತ್ತಿದರೆ, ಕೂದಲೆಳೆಯಷ್ಟು ತಿರುಗುತ್ತದೆ.'
'ಅಂದರೆ ದಿನಾ ಮಡಚುವ ಜಾಗ.'
ಬಟ್ಟೆ ಹೊದ್ದ ಆ ಮೋಟು ತಂತಿಯನ್ನು,
ಸವೆದ ಅಂಗಿಯ ಮೊಣಕೈ ಪರೀಕ್ಷಿಸುವಂತೆ,
ಎರಡು ಬೆರಳಲ್ಲಿ ಮೆಲ್ಲಗೆ ಎಳೆದ.

ಉದ್ದವಾಯಿತು.

ತಾಮ್ರ ಉದ್ದವಾಗುವುದಿಲ್ಲ.
ಒಳಗಿನ ಎಳೆ ಯಾವಾಗಲೋ ಹರಿದು
ತುದಿಗೆ ತುದಿ ತಾಗಿಸಿಕೊಂಡು ಬದುಕಿತ್ತು,
ಮೇಲಿನ ಬಟ್ಟೆ ಮಾತ್ರ ನೆಟ್ಟಗೆ.

ಹಳೇ ರೇಡಿಯೋದ ವಯರು ಸುಲಿದು ಹೊಸೆದೆವು.
ಗಂಟು ಬಿಗಿದು, ಅಭ್ಯಾಸಬಲ, ಹಲ್ಲಿನಿಂದ ತುಂಡರಿಸಿದ,
ಥೂ ಎಂದು ತಾಮ್ರ ಉಗಿದ.
ಮೊದಲ ತಿರುವಿಗೇ ಇಂಜಿನ್ ಹಿಡಿಯಿತು.

ಅಷ್ಟರಲ್ಲಿ ರೆಮ್ಜಿಯಾ ಅರ್ಧ ಸೊಪ್ಪು ದರ್ಜಿಗಳಿಗೇ ಮಾರಿದ್ದಳು.
ಮಿಕ್ಕರ್ಧ ತಬ್ಬಿ ಕೂತು ಬಾಗಿಲು ಎಳೆದಳು,
ಮೂರನೇ ಸಲಕ್ಕೇ ಮುಚ್ಚುವ ಬಾಗಿಲು.
'ಇದನ್ನೂ ಕೇಳು ಅವನನ್ನ,' ಅಂದಳು.