ಹನ್ನೊಂದನೇ ಸಾಲು

ಸಿಲಾ ಊರಿನಾಚೆ, ಉಪ್ಪುನೆಲದ ಅಂಚಿಗೆ
ಒಂದು ಕಂಟೇನರು, ಗೊರಗುಡುವ ಏಸಿ, ನಾವಿಬ್ಬರು.
ನಕ್ಷೆ ಹಾರದಂತೆ ಮೇಲೆ
ಖಲ್ಫಾನನ ಖರ್ಜೂರದ ಡಬ್ಬಿ.

ಅಣುಸ್ಥಾವರದಿಂದ ಇಲ್ಲಿಗೆ ಹದಿನಾಲ್ಕು ಕಂಬ,
ಒಂದೊಂದರ ನೆತ್ತಿಗೂ ವಿಕಿರಣ ಎಣಿಸುವ ಕಣ್ಣು.
ಫೈಬರ್ ಕಡಿದರೆ ಮೈಕ್ರೋವೇವ್,
ಶಮಾಲ್ ಗಾಳಿಗೆ ಡಿಶ್ಶು ಮುಖ ತಿರುಗಿಸಿದರೆ ಉಪಗ್ರಹ:
ಇಷ್ಟನ್ನೂ ಸಲೀಸಾಗಿ ಬರೆದೆ.

ಸಿಕ್ಕಿಕೊಂಡದ್ದು ಹನ್ನೊಂದನೇ ಸಾಲಿನಲ್ಲಿ.
ಕಂಬ ಮಾತಾಡದಿದ್ದರೆ ಎಷ್ಟು ಹೊತ್ತು ಕಾಯುವುದು?
ಸೊನ್ನೆಯಂತೂ ಎಂದೂ ಬಾರದು,
ಮರಳಿಗೂ ತನ್ನದೇ ಒಂದು ಸಣ್ಣ ಎಣಿಕೆಯಿದೆ.
ಆ ಎಣಿಕೆ ಬರುತ್ತಿದ್ದರೆ ಕ್ಷೇಮ.
ಏನೂ ಬಾರದಿದ್ದರೆ?

ಒಂದು ನಿಮಿಷ ಅಂದೆ.
ಸುಮ್ಮಸುಮ್ಮನೆ ಊರೆಲ್ಲ ಬಸ್ಸು ಹತ್ತೀತೆಂದು ಎರಡು ಮಾಡಿದೆ.
ಅಳಿಸಿದೆ.

ಖಲ್ಫಾನ್ ಬೀಜ ಉಗಿದು ಹೇಳಿದ:
ಅವನಜ್ಜ ಮುತ್ತಿನ ದೋಣಿಯಲ್ಲಿ ಹಗ್ಗ ಹಿಡಿಯುವವನಂತೆ.
ಕಾಲಿಗೆ ಕಲ್ಲು ಕಟ್ಟಿ ಮುಳುಗಿದವನು
ಕೆಳಗಿಂದ ಜಗ್ಗಿದರೆ ಮೇಲೆಳೆಯಬೇಕು.
'ಜಗ್ಗದಿದ್ದರೆ?'
'ಇನ್ನೂ ಬೇಗ.'
ಗಡಿಯಾರವಿರಲಿಲ್ಲ. ಅಜ್ಜ ತಾನೂ
ಉಸಿರು ಕಟ್ಟಿ ನಿಲ್ಲುತ್ತಿದ್ದನಂತೆ, ಬಿಸಿಲಲ್ಲಿ, ಹಲಗೆಯ ಮೇಲೆ.

ಮಧ್ಯಾಹ್ನ ಟೆಸ್ಟು. ಏಳನೇ ಕಂಬದ ತಂತಿ
ಬೇಕೆಂದೇ ಕೀಳಿಸಿದೆವು.
ಪರದೆಯ ಮೇಲೆ ಹಳೇ ಅಂಕಿ ಹಾಗೇ ನಿಂತಿತು
ಏನೂ ಆಗಿಲ್ಲವೆಂಬಂತೆ, ಹಸಿರಾಗಿ.
ನಾನು ಬಾಯಿ ಮುಚ್ಚಿ ಮೂಗು ಹಿಡಿದೆ.
ಮೂವತ್ತೆಂಟಕ್ಕೆ ಎದೆ ಗುದ್ದತೊಡಗಿತು.
ಖಲ್ಫಾನ್ ನಗಲಿಲ್ಲ.

ಹನ್ನೊಂದನೇ ಸಾಲಿಗೆ ಮೂವತ್ತು ಸೆಕೆಂಡು ಎಂದು ಬರೆದೆ.
'ಆಧಾರ' ಎಂಬ ಕಾಲಂ
ಖಾಲಿ ಬಿಟ್ಟೆ.